2 ನ್ಯಾನೋಮೀಟರ್, 18ಎ, 3 ನ್ಯಾನೋಮೀಟರ್: ಚಿಪ್ ಪೈಪೋಟಿಯಲ್ಲಿ ನಿಜಕ್ಕೂ ಮುಂದಿರುವವರು ಯಾರು?

ಹಾಸನ_ಇಸಿ
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ಎರಡು ಪಾರ್ಟಿ ಆಗಿದೆ. ಇಂಟೆಲ್‌ನ ಹೊಸ ತಯಾರಿಕಾ ತಂತ್ರಜ್ಞಾನದ ಹೆಸರು 18ಎ, ಅಂದರೆ 18 ಆಂಗ್‌ಸ್ಟ್ರಾಮ್, ಅಂದರೆ 1.8 ನ್ಯಾನೋಮೀಟರ್. ಬೇರೆಯವರಿಗೆ ಚಿಪ್ ಮಾಡಿಕೊಡುವ ತೈವಾನ್‌ನ ಟಿಎಸ್‌ಎಂಸಿಯದು 2. ಚಿಕ್ಕದು ಯಾವುದೋ ಅದೇ ಮುಂದೆ, ಹಾಗಾಗಿ ಇಂಟೆಲ್ ಗೆದ್ದಿತು ಅಂತ ಒಂದು ಪಾರ್ಟಿ. ಇನ್ನೊಂದು ಪಾರ್ಟಿಯವರು ಸ್ಯಾಮ್‌ಸಂಗ್ ಹೆಸರು ಹೇಳುತ್ತಾರೆ. 2022ರ ಜೂನ್‌ನಲ್ಲೇ ಅದು 3 ನ್ಯಾನೋಮೀಟರ್ ತಯಾರಿಕೆ ಶುರು ಮಾಡಿತ್ತು. ಟಿಎಸ್‌ಎಂಸಿ 3ಕ್ಕೆ ಬಂದದ್ದು ಅದೇ ಡಿಸೆಂಬರ್‌ನಲ್ಲಿ. ಹಾಗಿದ್ದರೂ ಎಲ್ಲರೂ ಟಿಎಸ್‌ಎಂಸಿಯೇ ನಂಬರ್ ಒನ್ ಅನ್ನುತ್ತಾರಲ್ಲ, ಯಾಕೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಅರಸೀಕೆರೆ_ಜಂಕ್ಷನ್
ಕ್ರಿಕೆಟ್ ಮುಗಿಯಿತು, ಈಗ ಇದಕ್ಕೂ ಪಾರ್ಟಿ ಕಟ್ಟಿದಿರಾ? ಪಾಪ, ವಾರ್ಡನ್.

ಬೇಲೂರು_ಟು_ಬೆಂಗಳೂರು
ನಾನು ಚಿಪ್ ಲೇಔಟ್ ಕೆಲಸದಲ್ಲಿರುವವನು. ಹೆಸರಾಂತ ಕಂಪನಿಯೇನಲ್ಲ, ಆದರೆ ಈ ನೋಡ್‌ಗಳ (ಚಿಪ್ ತಯಾರಿಕೆಯ ತಲೆಮಾರುಗಳ) ಜೊತೆ ದಿನಾ ಗುದ್ದಾಡುತ್ತೇನೆ. ಮೊದಲು ಒಂದು ವಿಷಯ ಇತ್ಯರ್ಥ ಮಾಡಿಬಿಡೋಣ. ಈಗಿನ ನಂಬರ್‌ಗಳು ಚಿಪ್‌ನೊಳಗಿನ ಯಾವ ಭಾಗದ ಅಳತೆಯೂ ಅಲ್ಲ.

ಟಿಎಸ್‌ಎಂಸಿಯ 3 ನ್ಯಾನೋಮೀಟರ್‌ನಲ್ಲಿ ಟ್ರಾನ್ಸಿಸ್ಟರ್ ಅನ್ನು ಆನ್-ಆಫ್ ಮಾಡುವ ಒಂದು ಗೇಟ್‌ನಿಂದ ಪಕ್ಕದ ಗೇಟ್‌ಗೆ ಸುಮಾರು 45ರಿಂದ 48 ನ್ಯಾನೋಮೀಟರ್ ದೂರ ಇದೆ. ಸಿಲಿಕಾನ್ ಹರಳಿನ ಒಂದು ಘಟಕದ ಅಳತೆಯೇ 0.543 ನ್ಯಾನೋಮೀಟರ್. ನಿಜವಾಗಿ 2 ನ್ಯಾನೋಮೀಟರ್ ಉದ್ದದ ಗೇಟ್ ಮಾಡಬೇಕು ಅಂದರೆ ಅಂಥ ನಾಲ್ಕು ಘಟಕವೂ ಪೂರ್ತಿ ಹಿಡಿಸುವುದಿಲ್ಲ. ಹಾಗೆ ಯಾರೂ ಮಾಡುತ್ತಿಲ್ಲ.

ಇಂಟೆಲ್‌ನ 10 ನ್ಯಾನೋಮೀಟರ್‌ನಲ್ಲಿ ಒಂದು ಚದರ ಮಿಲಿಮೀಟರ್‌ಗೆ ಸುಮಾರು 10 ಕೋಟಿ ಟ್ರಾನ್ಸಿಸ್ಟರ್ ಹಿಡಿಸುತ್ತಿದ್ದವು. ಟಿಎಸ್‌ಎಂಸಿಯ 7ರಲ್ಲಿ 9 ಕೋಟಿಯ ಆಸುಪಾಸು. ಅಂದರೆ ಇಂಟೆಲ್‌ನ 10, ಅವರ 7ಕ್ಕೆ ಸಮ. ಜನ ಮಾತ್ರ 10 ಅಂದರೆ ಹಿಂದೆ ಬಿದ್ದಿದೆ ಅಂತಲೇ ಓದಿದರು. ಕೊನೆಗೆ 2021ರ ಜುಲೈನಲ್ಲಿ ಇಂಟೆಲ್ ತನ್ನ 10ರ ಸುಧಾರಿತ ಆವೃತ್ತಿಗೆ 'ಇಂಟೆಲ್ 7' ಅಂತ ಹೆಸರಿಟ್ಟಿತು. 7 ಆಗಬೇಕಿದ್ದದ್ದು 'ಇಂಟೆಲ್ 4' ಆಯಿತು. ಹಾಗಾಗಿ 1.8 ಮತ್ತು 2ನ್ನು ಸ್ಕೇಲ್ ಇಟ್ಟು ಅಳೆಯುವ ಪಾರ್ಟಿಯನ್ನು ಇವತ್ತೇ ವಿಸರ್ಜಿಸಿ.

ಹಾಸನ_ಇಸಿ
ಹಾಗಾದರೆ ಹೋಲಿಸುವುದು ಹೇಗೆ ಅಣ್ಣ? ಒಬ್ಬರ 4ಕ್ಕೂ ಇನ್ನೊಬ್ಬರ 4ಕ್ಕೂ ಸಂಬಂಧವೇ ಇಲ್ಲ ಅಂದಂಗಾಯ್ತು.

ಬೇಲೂರು_ಟು_ಬೆಂಗಳೂರು
ಒಂದೇ ಚಿಪ್ ಅನ್ನು ಎರಡು ಕಡೆ ಮಾಡಿಸಿದ ಉದಾಹರಣೆ ಸಿಕ್ಕರೆ ಬಂಗಾರ. ಅಂಥದ್ದು ಎರಡು ಇವೆ.

2015ರ ಐಫೋನ್ 6ಎಸ್‌ನಲ್ಲಿದ್ದ ಎ9 ಚಿಪ್ ಅನ್ನು ಆಪಲ್ ಇಬ್ಬರ ಹತ್ತಿರ ಮಾಡಿಸಿತ್ತು. ಸ್ಯಾಮ್‌ಸಂಗ್‌ನದು 14 ನ್ಯಾನೋಮೀಟರ್, ಟಿಎಸ್‌ಎಂಸಿಯದು 16. ಹೆಸರಿನ ಪ್ರಕಾರ 14 ಗೆಲ್ಲಬೇಕಿತ್ತು, ಅಲ್ವಾ? ಕೆಲವು ಪರೀಕ್ಷೆಗಳಲ್ಲಿ 16ರ ಫೋನೇ ಜಾಸ್ತಿ ಹೊತ್ತು ಬಾಳಿಕೆ ಬಂತು. ದಿನಬಳಕೆಯಲ್ಲಿ ಬ್ಯಾಟರಿ ವ್ಯತ್ಯಾಸ 2ರಿಂದ 3 ಶೇಕಡ ಅಷ್ಟೆ ಅಂತ ಆಪಲ್ ಸಮಜಾಯಿಷಿ ಕೊಟ್ಟಿತು.

ಎರಡನೆಯದು ಸ್ನಾಪ್‌ಡ್ರ್ಯಾಗನ್ 8 ಜೆನ್ 1. ಸ್ಯಾಮ್‌ಸಂಗ್‌ನ 4 ನ್ಯಾನೋಮೀಟರ್‌ನಲ್ಲಿ ಬಂದದ್ದು. ಬಿಸಿ ಆಗುತ್ತದೆ ಅಂತ ವಿಮರ್ಶಕರೆಲ್ಲ ಬರೆದರು. 2022ರಲ್ಲಿ ಕ್ವಾಲ್‌ಕಾಮ್ ಹೆಚ್ಚೂಕಡಿಮೆ ಅದೇ ವಿನ್ಯಾಸವನ್ನು ಟಿಎಸ್‌ಎಂಸಿಯ 4ಕ್ಕೆ ಒಯ್ದು 8 ಪ್ಲಸ್ ಜೆನ್ 1 ಅಂತ ಬಿಟ್ಟಿತು. ವಿದ್ಯುತ್ ಬಳಕೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಇಲ್ಲೂ 4, ಅಲ್ಲೂ 4. ನಿಮ್ಮ ಹಾಸ್ಟೆಲ್ ಜಗಳಕ್ಕೆ ಇದೊಂದೇ ಸಾಕು.

ಕಡೂರು_ರಿಪೇರಿ
ಇದನ್ನು ಬೇರೆ ಕಡೆಯಿಂದ ಹೇಳುತ್ತೇನೆ. ನಂದು ಮೊಬೈಲ್ ರಿಪೇರಿ ಅಂಗಡಿ. ಬೋರ್ಡ್ ಅನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಮೊದಲು ಕಾಣುವುದು ಪ್ರೊಸೆಸರ್ ಅಲ್ಲ, ಅದರ ಮೇಲೆ ಕೂತಿರುವ ರ್‍ಯಾಮ್. ಪ್ರೊಸೆಸರ್ ಅದರಡಿ ಇರುತ್ತದೆ. ಸುತ್ತ ಸಣ್ಣ ಸಣ್ಣ ಕಪ್ಪು ಚೌಕ: ಪವರ್ ಐಸಿ, ಚಾರ್ಜಿಂಗ್ ಐಸಿ, ಆಡಿಯೋ ಐಸಿ, ನೆಟ್‌ವರ್ಕ್ ಭಾಗ. ನನ್ನ ಹತ್ತಿರ ಬರುವ ಹತ್ತು ಡೆಡ್ ಫೋನ್‌ನಲ್ಲಿ ಜಾಸ್ತಿ ಪಾಲು ಈ ಚಿಲ್ಲರೆ ಐಸಿಗಳದ್ದೇ ಶಾರ್ಟ್. ಪವರ್ ಸಪ್ಲೈ ಕೊಟ್ಟು ಬೋರ್ಡ್ ಮೇಲೆ ರೋಸಿನ್ ಹೊಗೆ ಹಿಡಿಸಿದರೆ, ಎಲ್ಲಿ ಬಿಳಿ ಕರಗುತ್ತದೋ ಅಲ್ಲಿ ತಪ್ಪು. ಹಾಟ್ ಏರ್ ಹಿಡಿದು ಎತ್ತಿ ಬೇರೆ ಕೂರಿಸುವುದು. ಗಿರಾಕಿ ಮಾತ್ರ ಡಬ್ಬಿ ಮೇಲಿರುವ '4 ನ್ಯಾನೋಮೀಟರ್' ಓದಿಕೊಂಡು ಬಂದು ವಾದ ಮಾಡುತ್ತಾನೆ. ಈ ಪವರ್ ಐಸಿಗಳು ಯಾವ ಕಾಲದ ನೋಡ್?

ಬೇಲೂರು_ಟು_ಬೆಂಗಳೂರು
ಸಾಮಾನ್ಯವಾಗಿ 55, 90, 130, 180 ನ್ಯಾನೋಮೀಟರ್ ಆ ಕಡೆ. ಹೆಚ್ಚು ವೋಲ್ಟೇಜ್ ತಡೆಯಬೇಕಲ್ಲ, ಚಿಕ್ಕ ಟ್ರಾನ್ಸಿಸ್ಟರ್ ತಡೆಯುವುದಿಲ್ಲ. 2021ರಲ್ಲಿ ಕಾರ್ ಬುಕ್ ಮಾಡಿದವರು ತಿಂಗಳುಗಟ್ಟಲೆ ಕಾದರು ನೋಡಿ, ಆಗ ಸಿಗದೇ ಹೋದದ್ದು ಹೆಚ್ಚಾಗಿ ಇಂಥ ಹಳೇ ನೋಡ್‌ನ ಚಿಪ್‌ಗಳೇ.

ಕೋರ್_ಅಭಿಮಾನಿ
ಎಲ್ಲರೂ ಸೇರಿಕೊಂಡು ಇಂಟೆಲ್ ಮೇಲೆ ಯಾಕೆ ಬೀಳ್ತೀರಿ? 2007ರಲ್ಲಿ 45 ನ್ಯಾನೋಮೀಟರ್‌ನಲ್ಲಿ ಕರೆಂಟ್ ಸೋರುವುದನ್ನು ತಗ್ಗಿಸುವ ಹೈ-ಕೆ ಮೆಟಲ್ ಗೇಟ್ ತಂದದ್ದು ಯಾರು? ರೆಕ್ಕೆಯಂತೆ ಎದ್ದು ನಿಲ್ಲುವ ಟ್ರಾನ್ಸಿಸ್ಟರ್, ಫಿನ್‌ಫೆಟ್ ಅನ್ನು 22ರಲ್ಲಿ, 2012ರಲ್ಲೇ ಮಾರುಕಟ್ಟೆಗೆ ಬಿಟ್ಟದ್ದು ಯಾರು? ಉಳಿದವರು ಅದಕ್ಕೆ ವರ್ಷಗಟ್ಟಲೆ ತಡವಾಗಿ ಬಂದರು. ಈಗ 18ಎಯಲ್ಲಿ ಕರೆಂಟ್ ತಂತಿಯನ್ನು ಚಿಪ್‌ನ ಹಿಂಭಾಗಕ್ಕೆ ಒಯ್ಯುವ ಪವರ್‌ವಯಾ ಕೂಡ ಅವರೇ ಮೊದಲು.

ಸಾಲಗಾಮೆ_ರೋಡ್
ಅಭಿಮಾನಿಗಳೇ, ನೀವು ಹೇಳಿದ ಮೂರೂ ನಿಜ. ನಾನು ಪಾಠ ಮಾಡುವಾಗ ಇಂಟೆಲ್ ಅಂದರೆ ಉಳಿದವರಿಗಿಂತ ಮೂರು ವರ್ಷ ಮುಂದೆ ಅಂತಲೇ ಹೇಳುತ್ತಿದ್ದೆ, ಆಗ ಅದೇ ಸರಿ ಇತ್ತು. ಆಮೇಲೆ ಆದದ್ದೇ ಈ ಕಥೆಯ ಸ್ವಾರಸ್ಯ. ಸ್ವಲ್ಪ ಉದ್ದ ಬರೆಯುತ್ತೇನೆ, ಓದುವ ತಾಳ್ಮೆ ಇದ್ದವರು ಓದಿ.

14 ನ್ಯಾನೋಮೀಟರ್ 2014ರಲ್ಲಿ ಬಂತು. ಮುಂದಿನ 10, 2016ಕ್ಕೆ ಬರಬೇಕಿತ್ತು. ಲೆಕ್ಕಕ್ಕೆ ಸಿಗುವಷ್ಟು ಪ್ರಮಾಣದಲ್ಲಿ ಬಂದದ್ದು 2019ರಲ್ಲಿ. ಅಲ್ಲಿಯವರೆಗೆ 14ಕ್ಕೇ ಒಂದೊಂದು ಪ್ಲಸ್ ಸೇರಿಸುತ್ತಾ ಹೋದರು. ಡೆಸ್ಕ್‌ಟಾಪ್‌ನಲ್ಲಂತೂ 2021ರ ರಾಕೆಟ್ ಲೇಕ್ ಚಿಪ್ ಕೂಡ 14ರದ್ದೇ.

ಯಾಕೆ ಹೀಗಾಯಿತು? ನನ್ನ ಪ್ರಕಾರ ದುರಾಸೆ. ಒಂದೇ ನೋಡ್‌ನಲ್ಲಿ ಟ್ರಾನ್ಸಿಸ್ಟರ್ ಸಾಂದ್ರತೆ 2.7 ಪಟ್ಟು ಏರಿಸುತ್ತೇವೆ ಅಂತ ಹೊರಟರು. ತಂತಿಗೆ ತಾಮ್ರ ಬಿಟ್ಟು ಕೆಲವು ಪದರಕ್ಕೆ ಕೋಬಾಲ್ಟ್ ಹಾಕಿದರು. ಗೇಟ್ ಮೇಲೆಯೇ ತಂತಿ ಸೇರುವ ಕಾಂಟ್ಯಾಕ್ಟ್ ಕೂರಿಸಿದರು. ಇಷ್ಟನ್ನೂ 193 ನ್ಯಾನೋಮೀಟರ್ ತರಂಗಾಂತರದ ಹಳೇ ಬೆಳಕಿನಲ್ಲೇ ಮುದ್ರಿಸಬೇಕು, ಅಂದರೆ ಒಂದು ಪದರದ ಗೆರೆಗಳನ್ನು ನಾಲ್ಕು ಪಾಲು ಮಾಡಿ ಎಬ್ಬಿಸಬೇಕು. ಎಲ್ಲ ಹೊಸತನ್ನೂ ಒಟ್ಟಿಗೆ ತಂದಾಗ ಯಾವುದರಿಂದ ಚಿಪ್ ಕೆಡುತ್ತಿದೆ ಅಂತ ಹುಡುಕುವುದೇ ಕಷ್ಟ. ಟಿಎಸ್‌ಎಂಸಿಯೂ 7ನ್ನು ಮೊದಲು ಹಳೇ ಬೆಳಕಿನಲ್ಲೇ ಮಾಡಿತು. ಆದರೆ ಗುರಿ ಸ್ವಲ್ಪ ಕೆಳಗಿಟ್ಟುಕೊಂಡಿತು. ಅದು ಕೈಗೆ ಹತ್ತಿದ ಮೇಲೆ 2019ರಲ್ಲಿ ಕೆಲವೇ ಪದರಕ್ಕೆ ಇಯುವಿ, ಅಂದರೆ ಇನ್ನೂ ಚಿಕ್ಕ ತರಂಗಾಂತರದ ಹೊಸ ಬೆಳಕು, ಹಾಕಿತು.

ಇಯುವಿ ಯಂತ್ರ ಮಾಡುವವರು ಜಗತ್ತಿಗೆಲ್ಲ ಒಬ್ಬರೇ, ನೆದರ್‌ಲೆಂಡ್ಸ್‌ನ ಎಎಸ್‌ಎಂಎಲ್. ತಮಾಷೆ ಅಂದರೆ 2012ರಲ್ಲಿ ಆ ಕಂಪನಿಗೆ 400 ಕೋಟಿ ಡಾಲರ್‌ಗೂ ಹೆಚ್ಚು ಹಣ ಹಾಕಲು ಒಪ್ಪಿದ್ದು ಇದೇ ಇಂಟೆಲ್. ಟಿಎಸ್‌ಎಂಸಿ, ಸ್ಯಾಮ್‌ಸಂಗ್ ಕೂಡ ಹಾಕಿದವು, ಆದರೆ ದೊಡ್ಡ ಪಾಲು ಇಂಟೆಲ್‌ನದು. ಅದೇ ಇಂಟೆಲ್ ಇಯುವಿಯಲ್ಲಿ ಚಿಪ್ ಮಾಡಿ ಮಾರಿದ್ದು 2023ರಲ್ಲಿ. ಬೀಜಕ್ಕೆ ದುಡ್ಡು ಕೊಟ್ಟವರು ಒಬ್ಬರು, ಬೆಳೆ ಕೊಯ್ದವರು ಇನ್ನೊಬ್ಬರು.

ಚಿಕ್ಕಮಗಳೂರು_ಚಳಿ
ಸರ್, ಚೆನ್ನಾಗಿ ಹೇಳಿದಿರಿ. ಆ ಇಯುವಿ ಯಂತ್ರದಲ್ಲಿ ಅಂಥದ್ದೇನಿದೆ? ಬೇರೆ ಯಾರೂ ಯಾಕೆ ಮಾಡುವುದಿಲ್ಲ? ನಾನು ಸಾಫ್ಟ್‌ವೇರ್‌ನವಳು, ಸುಲಭವಾಗಿ ಹೇಳಿ.

ಸಾಲಗಾಮೆ_ರೋಡ್
ಮೇಡಂ, ಬೆಳಕು ಹುಟ್ಟಿಸುವುದೇ ದೊಡ್ಡ ಸಾಹಸ. ಕರಗಿದ ತವರದ ಹನಿ, ಕೂದಲಿಗಿಂತ ಸಣ್ಣದು, ಸೆಕೆಂಡಿಗೆ 50,000 ಹನಿ ಉದುರುತ್ತವೆ. ಒಂದೊಂದು ಹನಿಗೂ ಲೇಸರ್ ಎರಡು ಸಲ ಹೊಡೆಯುತ್ತದೆ. ಮೊದಲ ಏಟಿಗೆ ಹನಿ ಚಪ್ಪಟೆ. ಎರಡನೇ ಏಟಿಗೆ ಪ್ಲಾಸ್ಮಾ ಆಗಿ 13.5 ನ್ಯಾನೋಮೀಟರ್‌ನ ಬೆಳಕು ಬರುತ್ತದೆ. ಈ ಬೆಳಕನ್ನು ಗಾಳಿಯೂ ನುಂಗುತ್ತದೆ, ಗಾಜೂ ನುಂಗುತ್ತದೆ. ಹಾಗಾಗಿ ನಿರ್ವಾತದೊಳಗೆ ಬರೀ ಕನ್ನಡಿಗಳಲ್ಲೇ ತಿರುಗಿಸಬೇಕು. ಒಂದು ಕನ್ನಡಿ ವಾಪಸ್ ಕೊಡುವುದು ಸುಮಾರು 70 ಶೇಕಡ. 0.7ನ್ನು ಹತ್ತು ಸಲ ಗುಣಿಸಿ ನೋಡಿ, ನೂರಕ್ಕೆ ಮೂರು ಪಾಲೂ ಉಳಿಯುವುದಿಲ್ಲ. ಕನ್ನಡಿ ಮಾಡಿಕೊಡುವವರು ಜರ್ಮನಿಯ ಜೈಸ್. ಇನ್ನೂ ಸಣ್ಣ ಗೆರೆ ಎಬ್ಬಿಸುವ ಹೊಸ ಹೈ-ಎನ್‌ಎ ಯಂತ್ರ ಒಂದಕ್ಕೇ 35 ಕೋಟಿ ಡಾಲರ್ ಮೇಲೆ. ಅದರಲ್ಲಿ ಮೊದಲನೆಯದು 2023ರ ಕೊನೆಗೆ ಇಂಟೆಲ್‌ಗೇ ಹೋಯಿತು. ಈ ಸಲ ಹಿಂದೆ ಬೀಳಬಾರದು ಅಂತ ಇರಬೇಕು.

ಅರಸೀಕೆರೆ_ಜಂಕ್ಷನ್
ಚೀನಾದವರಿಗೆ ಈ ಯಂತ್ರ ಕೊಡಲ್ಲ ಅಂತಾರಲ್ಲ. ಆದರೂ ಹುವಾವೇ ಫೋನ್ ಬಂತು.

ಸಾಲಗಾಮೆ_ರೋಡ್
ಬಂತು. 2023ರ ಆಗಸ್ಟ್‌ನಲ್ಲಿ ಮೇಟ್ 60 ಪ್ರೋ. ಅದರ ಚಿಪ್ ಅನ್ನು ಚೀನಾದ ಎಸ್‌ಎಂಐಸಿ ಕಂಪನಿ 7 ನ್ಯಾನೋಮೀಟರ್ ಮಟ್ಟದಲ್ಲಿ ಮಾಡಿತು, ಇಯುವಿ ಇಲ್ಲದೆ. ಆಗುವುದಿಲ್ಲ ಅಂತಲ್ಲ, ಒಂದೇ ಪದರಕ್ಕೆ ಮತ್ತೆ ಮತ್ತೆ ಮುದ್ರಣ, ಖರ್ಚು ಜಾಸ್ತಿ, ಹಾಳಾಗುವುದೂ ಜಾಸ್ತಿ. ಸರ್ಕಾರ ಬೆನ್ನಿಗಿದ್ದರೆ ನಡೆಯುತ್ತದೆ.

ಮೂಡಿಗೆರೆ_ತೋಟ
ಮಾರಾಯ್ರೆ, ಬೆಳಗ್ಗಿನಿಂದ ಓದ್ತಾ ಇದ್ದೇನೆ. 'ಹಾಳಾಗುವುದು ಜಾಸ್ತಿ' ಅಂದಿರಲ್ಲ, ಅಲ್ಲಿ ನನಗೆ ಅರ್ಥ ಆಯ್ತು ನೋಡಿ. ಇದು ನಮ್ಮ ಔಟ್‌ಟರ್ನ್ ಅಲ್ವಾ? ಮೂಟೆ ಲೆಕ್ಕದಲ್ಲಿ ಎಲ್ಲರ ಚೆರ್ರಿಯೂ ಒಂದೇ. ಕ್ಯೂರಿಂಗ್‌ಗೆ ಹಾಕಿದಾಗ ಮೂಟೆಗೆ ಎಷ್ಟು ಕೆಜಿ ಕ್ಲೀನ್ ಕಾಫಿ ಬಂತು, ಅದರಲ್ಲಿ ಎ ಎಷ್ಟು, ಬಿ ಎಷ್ಟು, ಕಪ್ಪು ಎಷ್ಟು ಅನ್ನುವುದರ ಮೇಲೆ ದುಡ್ಡು. ಚಿಪ್‌ನವರದ್ದೂ ಇದೇ ಕಥೆಯಾ?

ಬೇಲೂರು_ಟು_ಬೆಂಗಳೂರು
ಇದೇ ಕಥೆ. ನಾವು ಯೀಲ್ಡ್ ಅನ್ನುತ್ತೇವೆ. ಹೋಲಿಕೆ ಜರಡಿವರೆಗೂ ನಡೆಯುತ್ತದೆ. ಒಂದೇ ವೇಫರ್‌ನಿಂದ, ಅಂದರೆ ಚಿಪ್‌ಗಳನ್ನು ಎಬ್ಬಿಸುವ ಸಿಲಿಕಾನ್ ತಟ್ಟೆಯಿಂದ, ಬಂದ ಚಿಪ್‌ಗಳನ್ನು ಪರೀಕ್ಷೆ ಮಾಡಿ, ವೇಗವಾಗಿ ಓಡುವುದನ್ನು ದುಬಾರಿ ಮಾಡೆಲ್ ಅಂತಲೂ, ಒಂದೆರಡು ಕೋರ್ ಕೆಟ್ಟಿರುವುದನ್ನು ಆ ಕೋರ್ ಆರಿಸಿ ಅಗ್ಗದ ಮಾಡೆಲ್ ಅಂತಲೂ ಮಾರುತ್ತಾರೆ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ವೇಫರ್ 300 ಮಿಲಿಮೀಟರ್ ಅಗಲದ ತಟ್ಟೆ. ಪ್ರತಿ ಚದರ ಸೆಂಟಿಮೀಟರ್‌ಗೆ ಸರಾಸರಿ 0.1 ದೋಷ ಇದೆ ಅಂತ ಇಟ್ಟುಕೊಳ್ಳಿ. ಚಿಪ್ 1 ಚದರ ಸೆಂಟಿಮೀಟರ್ ಇದ್ದರೆ ನೂರಕ್ಕೆ ಸುಮಾರು 90 ಚೆನ್ನಾಗಿರುತ್ತವೆ. ಚಿಪ್ 8 ಚದರ ಸೆಂಟಿಮೀಟರ್ ಇದ್ದರೆ, ಈಗಿನ ದೊಡ್ಡ ಎಐ ಚಿಪ್‌ಗಳು ಅಷ್ಟೇ ಇರುತ್ತವೆ, ನೂರಕ್ಕೆ 45 ಮಾತ್ರ. ವೇಫರ್ ಅದೇ, ದೋಷವೂ ಅಷ್ಟೇ. ಇನ್ನು ದೋಷ 0.1ರ ಬದಲು 0.4 ಆದರೆ? ಚಿಕ್ಕ ಚಿಪ್ 67ಕ್ಕೆ ಇಳಿಯುತ್ತದೆ. ದೊಡ್ಡದು ನೂರಕ್ಕೆ 4. ಅಂಗಡಿ ಮುಚ್ಚಬೇಕು.

ಹೊಸ ನೋಡ್‌ನಲ್ಲಿ ಫೋನ್ ಚಿಪ್ ಮೊದಲು ಬರುವುದು ಇದಕ್ಕೇ, ಅದು ಚಿಕ್ಕದು. ಸ್ಯಾಮ್‌ಸಂಗ್ ಆರು ತಿಂಗಳು ಮೊದಲು 3 ಅಂತ ಘೋಷಿಸಿಯೂ ಲಾಭ ಆಗದಿದ್ದದ್ದೂ ಇದಕ್ಕೇ. ಮೊದಲು ಶುರು ಮಾಡುವುದು ಒಂದು, ತಿಂಗಳಿಗೆ ಸಾವಿರಾರು ವೇಫರ್ ಒಂದೇ ಗುಣಮಟ್ಟದಲ್ಲಿ ಕೊಡುವುದು ಇನ್ನೊಂದು. 2023ರಲ್ಲಿ ಐಫೋನ್ 15 ಪ್ರೋಗೆ 3 ನ್ಯಾನೋಮೀಟರ್ ಚಿಪ್ ಬೇಕಾದಾಗ ಆಪಲ್ ಹೋದದ್ದು ಟಿಎಸ್‌ಎಂಸಿ ಹತ್ತಿರ.

ಇಂಟೆಲ್‌ನ ಎದುರಾಳಿ ಎಎಂಡಿ ಇದನ್ನು ಬೇರೆ ಥರ ದಾಟಿತು. 2009ರಲ್ಲೇ ತನ್ನ ಫ್ಯಾಬ್‌ಗಳನ್ನು (ಚಿಪ್ ಕಾರ್ಖಾನೆಗಳನ್ನು) ಕೈಬಿಟ್ಟಿತ್ತು, ಅವೇ ಗ್ಲೋಬಲ್‌ಫೌಂಡ್ರೀಸ್ ಅನ್ನುವ ಬೇರೆ ಕಂಪನಿ ಆದವು. 2018ರಲ್ಲಿ ಗ್ಲೋಬಲ್‌ಫೌಂಡ್ರೀಸ್ 7ರ ಓಟ ನಮಗೆ ಬೇಡ ಅಂತ ಕೈ ತೊಳೆದುಕೊಂಡಿತು. ಆಗ ಎಎಂಡಿ 7ಕ್ಕೆ ಪೂರ್ತಿ ಟಿಎಸ್‌ಎಂಸಿ ಮೇಲೆ ನಿಂತಿತು. 2019ರ ರೈಜನ್ 3000 ಪ್ರೊಸೆಸರ್‌ನಲ್ಲಿ ಕೋರ್‌ಗಳಿರುವ ತುಂಡು ಮಾತ್ರ 7 ನ್ಯಾನೋಮೀಟರ್, ಒಂದು ಚದರ ಸೆಂಟಿಮೀಟರ್‌ಗೂ ಕಮ್ಮಿ. ಮೆಮೊರಿ, ಯುಎಸ್‌ಬಿ ನೋಡಿಕೊಳ್ಳುವ ತುಂಡು ಹಳೇ 12ರಲ್ಲಿ. ಚಿಕ್ಕ ತುಂಡು, ಒಳ್ಳೆ ಯೀಲ್ಡ್. ಆ ವರ್ಷದಿಂದಲೇ ಇಂಟೆಲ್‌ಗೆ ನಿಜವಾದ ಬಿಸಿ ತಟ್ಟಿದ್ದು.

ಮೂಡಿಗೆರೆ_ತೋಟ
ಆದರೆ ನಮ್ಮಲ್ಲಿ ಕಪ್ಪು ಬೀಜಕ್ಕೂ ಒಬ್ಬ ಗಿರಾಕಿ ಇರ್ತಾನೆ ಮಾರಾಯ್ರೆ. ಪೂರ್ತಿ ಸತ್ತ ಚಿಪ್ ಯಾರು ತಗೊಳ್ತಾರೆ?

ಕಡೂರು_ರಿಪೇರಿ
ಕೀ ಚೈನ್ ಮಾಡುವವರು 😄

ಕೋರ್_ಅಭಿಮಾನಿ
ಪವರ್‌ವಯಾ ಬಗ್ಗೆ ಯಾರೂ ಮಾತಾಡಲಿಲ್ಲ. ಜಾಣತನದಿಂದ ಹಾರಿಸಿಬಿಟ್ಟಿರಿ.

ಬೇಲೂರು_ಟು_ಬೆಂಗಳೂರು
ಹಾರಿಸಿಲ್ಲ ಗುರು. ಅದು ನಿಜಕ್ಕೂ ಒಳ್ಳೆ ಕೆಲಸ. ಇಷ್ಟು ದಿನ ಕರೆಂಟ್ ತಂತಿ, ಸಿಗ್ನಲ್ ತಂತಿ ಎರಡೂ ಟ್ರಾನ್ಸಿಸ್ಟರ್‌ನ ಮೇಲ್ಗಡೆಯೇ ಹೋಗುತ್ತಿದ್ದವು. ಲೇಔಟ್ ಮಾಡುವ ನಮಗೆ ದಿನದ ಅರ್ಧ ತಲೆನೋವು ಅದೇ: ಜಾಗ ಸಾಲದು, ಕೊನೆಯ ಟ್ರಾನ್ಸಿಸ್ಟರ್ ತಲುಪುವಷ್ಟರಲ್ಲಿ ವೋಲ್ಟೇಜ್ ಬಿದ್ದಿರುತ್ತದೆ. ಇಂಟೆಲ್ ಕರೆಂಟ್ ತಂತಿಯನ್ನು ಸಿಲಿಕಾನ್‌ನ ಹಿಂಭಾಗಕ್ಕೆ ಒಯ್ದಿದೆ. ಟಿಎಸ್‌ಎಂಸಿಯ 2ರಲ್ಲಿ ಅದಿಲ್ಲ, ಮುಂದಿನ ಎ16ಕ್ಕೆ ಇಟ್ಟುಕೊಂಡಿದ್ದಾರೆ. ಆ ವಿಷಯದಲ್ಲಿ ಇಂಟೆಲ್ ಮುಂದೆ, ಒಪ್ಪಿದೆ.

ಆದರೆ ಇದನ್ನೂ ನೋಡಿ. 2024ರ ಲೂನಾರ್ ಲೇಕ್ ಲ್ಯಾಪ್‌ಟಾಪ್ ಚಿಪ್, ಹೊರಗೆ ಇಂಟೆಲ್ ಹೆಸರು, ಒಳಗಿನ ಕೋರ್‌ಗಳನ್ನು ಮಾಡಿದ್ದು ಟಿಎಸ್‌ಎಂಸಿಯ 3 ನ್ಯಾನೋಮೀಟರ್. ಅದೇ ವರ್ಷ 18ಎಗಿಂತ ಹಿಂದಿನ ನೋಡ್ 20ಎ ಅನ್ನು ಮಾರುಕಟ್ಟೆಗೆ ತರದೆ ಕೈಬಿಟ್ಟರು, ಇಂಜಿನಿಯರ್‌ಗಳನ್ನೆಲ್ಲ 18ಎಗೆ ಹಾಕಿದರು. ನಾಲ್ಕು ವರ್ಷದಲ್ಲಿ ಐದು ನೋಡ್ ಅಂತ ಹೊರಟಿದ್ದ ಇಂಟೆಲ್ ಸಿಇಒ ಪ್ಯಾಟ್ ಗೆಲ್ಸಿಂಗರ್ 2024ರ ಡಿಸೆಂಬರ್‌ನಲ್ಲಿ ಹೊರಗೆ ಹೋದರು. ಈಗ 18ಎಯಲ್ಲಿ ಬಂದಿರುವ ಪ್ಯಾಂಥರ್ ಲೇಕ್ ಚಿಪ್‌ನಲ್ಲೂ ಎಲ್ಲ ತುಂಡೂ ಇಂಟೆಲ್‌ನದಲ್ಲ. ಕೋರ್‌ಗಳು ಅರಿಜೋನಾದ ಇಂಟೆಲ್ ಫ್ಯಾಬ್‌ನವು, ಕೆಲವು ತುಂಡು ತೈವಾನ್‌ನವು. ಗೆದ್ದವರು ಯಾರು ಅಂತ ಕೇಳುವಾಗ ಇದೂ ಲೆಕ್ಕಕ್ಕೆ ಬರಬೇಕು. ಸೋತವರು ಗೆದ್ದವರ ಗಿರಾಕಿ ಆಗಿದ್ದಾರೆ.

ನನ್ನ ಮಟ್ಟಿಗೆ 18ಎ ಗೆಲ್ಲುವುದು ಇಂಟೆಲ್ ತನ್ನ ಚಿಪ್ ಮಾಡಿಕೊಂಡಾಗಲ್ಲ. ಹೊರಗಿನ ದೊಡ್ಡ ಗಿರಾಕಿ ಒಬ್ಬ ತನ್ನ ಮುಖ್ಯ ಚಿಪ್ ಅನ್ನು ಅಲ್ಲಿ ಮಾಡಿಸಿದಾಗ. ಮಾರಿಸ್ ಚಾಂಗ್ 1987ರಲ್ಲಿ ಟಿಎಸ್‌ಎಂಸಿ ಶುರು ಮಾಡಿದಾಗ ಇಟ್ಟುಕೊಂಡ ನಿಯಮ ಒಂದೇ: ನಾವು ನಮ್ಮ ಹೆಸರಿನ ಚಿಪ್ ಮಾರುವುದಿಲ್ಲ. ಗಿರಾಕಿಗೆ ಎದುರಾಳಿ ಆಗದವರ ಕೈಗೆ ವಿನ್ಯಾಸ ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಇಂಟೆಲ್‌ಗೂ ಸ್ಯಾಮ್‌ಸಂಗ್‌ಗೂ ಆ ಅನುಕೂಲ ಇಲ್ಲ.

ಚಿಕ್ಕಮಗಳೂರು_ಚಳಿ
ಇಷ್ಟೆಲ್ಲ ಒಂದೇ ದ್ವೀಪದಲ್ಲಿ ಇರುವುದು ಭಯ ಅಲ್ವಾ? 2021ರಲ್ಲಿ ತೈವಾನ್‌ನಲ್ಲಿ ಬರ ಬಂದು ಫ್ಯಾಬ್‌ಗಳಿಗೆ ಟ್ಯಾಂಕರ್‌ನಲ್ಲಿ ನೀರು ಹೊಡೆದ ಸುದ್ದಿ ನೆನಪಿದೆ.

ಬೇಲೂರು_ಟು_ಬೆಂಗಳೂರು
ಭಯ ಇರುವುದಕ್ಕೇ ಅಮೆರಿಕ ಕೂಡ ಟಿಎಸ್‌ಎಂಸಿಯವರನ್ನು ಕರೆದದ್ದು. ಅರಿಜೋನಾಕ್ಕೆ 2020ರಲ್ಲಿ 1,200 ಕೋಟಿ ಡಾಲರ್ ಅಂದಿದ್ದರು, 2025ರ ಮಾರ್ಚ್‌ಗೆ ಅದು 16,500 ಕೋಟಿ ಡಾಲರ್ ಆಗಿದೆ.

ಮೂಡಿಗೆರೆ_ತೋಟ
ನಮ್ಮ ದೇಶ ಎಲ್ಲಿದೆ ಇದರಲ್ಲಿ? ಸುಮ್ನೆ ಕೇಳಿದೆ.

ಸಾಲಗಾಮೆ_ರೋಡ್
ಗುಜರಾತಿನ ಧೋಲೇರಾದಲ್ಲಿ ಟಾಟಾದವರು ತೈವಾನ್‌ನ ಪಿಎಸ್‌ಎಂಸಿ ಕಂಪನಿ ಜೊತೆ ಸೇರಿ ಫ್ಯಾಬ್ ಕಟ್ಟುತ್ತಿದ್ದಾರೆ. 91,000 ಕೋಟಿ ರೂಪಾಯಿ, 28ರಿಂದ 110 ನ್ಯಾನೋಮೀಟರ್. 28 ಅಂದರೆ ಟಿಎಸ್‌ಎಂಸಿ 2011ರಲ್ಲಿ ಮುಟ್ಟಿದ್ದು. ನಗುವವರು ನಗಲಿ, ರಿಪೇರಿ ಅಂಗಡಿಯವರು ಹೇಳಿದ ಆ ಕಪ್ಪು ಚೌಕಗಳ ಮಾರುಕಟ್ಟೆ ಅಲ್ಲೇ ಇದೆ. ಮೊಹಾಲಿಯ ಎಸ್‌ಸಿಎಲ್, ಸರ್ಕಾರದ ಚಿಪ್ ಕಾರ್ಖಾನೆ, 1980ರ ದಶಕದಲ್ಲೇ ಶುರುವಾಗಿತ್ತು. 1989ರಲ್ಲಿ ಬೆಂಕಿ ಬಿದ್ದು ಎಲ್ಲ ಹೋಯಿತು, ಆಮೇಲೆ ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು.

ಅದೇ ಮೊಹಾಲಿಯಲ್ಲಿ ಇಸ್ರೋದ ವಿಕ್ರಮ್ 3201 ಪ್ರೊಸೆಸರ್ ಮಾಡಿದ್ದಾರೆ, 180 ನ್ಯಾನೋಮೀಟರ್‌ನಲ್ಲಿ, ರಾಕೆಟ್‌ಗಾಗಿ. ಹಾಸನದವರಿಗೆ ಇದು ಬೇಗ ಅರ್ಥ ಆಗಬೇಕು. ನಮ್ಮ ರಸ್ತೆಯಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ, 1982ರಿಂದ ಉಪಗ್ರಹಗಳನ್ನು ಇಲ್ಲಿಂದಲೇ ನೋಡಿಕೊಳ್ಳುತ್ತಾರೆ. ಮೇಲೆ ಹೋದ ಚಿಪ್ ಕೆಟ್ಟರೆ ಯಾರೂ ಹಾಟ್ ಏರ್ ಹಿಡಿದು ಹೋಗುವುದಿಲ್ಲ. ಬಾಹ್ಯಾಕಾಶದಿಂದ ಬರುವ ಕಣವೊಂದು ಬಡಿದರೆ ಸಣ್ಣ ಟ್ರಾನ್ಸಿಸ್ಟರ್‌ನಲ್ಲಿರುವ ಅಷ್ಟಿಷ್ಟು ಚಾರ್ಜ್‌ಗೆ 0 ಹೋಗಿ 1 ಆಗಿಬಿಡುತ್ತದೆ. ದೊಡ್ಡದು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಮೊಹಾಲಿಯಲ್ಲಿ ಇರುವುದೂ 180ರ ಲೈನೇ, ಅದೂ ಒಂದು ಕಾರಣ ಅನ್ನಿ.

ಹಾಸನ_ಇಸಿ
ಹಾಸ್ಟೆಲ್‌ನಲ್ಲಿ ಎರಡೂ ಪಾರ್ಟಿಗೆ ಈ ಚರ್ಚೆ ಓದಿಸಿದೆ. ಈಗ ಮೂರನೇ ಪಾರ್ಟಿ ಹುಟ್ಟಿದೆ, 'ಯೀಲ್ಡ್ ಎಷ್ಟು ಹೇಳು' ಅನ್ನುವವರು. ಬೇಲೂರು ಅಣ್ಣ, ಕೊನೆಯದಾಗಿ ಒಂದು. ನಮ್ಮ ಕಾಲೇಜಿನಲ್ಲಿ ಕೂತು ಇದನ್ನು ಕೈಯಾರೆ ಮಾಡಿ ನೋಡುವ ದಾರಿ ಇದೆಯಾ? ದುಬಾರಿ ಟೂಲ್ ಲೈಸೆನ್ಸ್ ಇಲ್ಲ.

ಬೇಲೂರು_ಟು_ಬೆಂಗಳೂರು
ಇದೆ, ಅದೂ ಬಿಟ್ಟಿ. ಸ್ಕೈವಾಟರ್ ಅನ್ನುವ ಅಮೆರಿಕದ ಫ್ಯಾಬ್ 2020ರಲ್ಲಿ ಗೂಗಲ್ ಜೊತೆ ಸೇರಿ ತನ್ನ 130 ನ್ಯಾನೋಮೀಟರ್‌ನ ಪಿಡಿಕೆಯನ್ನು, ಅಂದರೆ ಆ ಫ್ಯಾಬ್‌ಗೆ ಹೊಂದುವ ವಿನ್ಯಾಸ ನಿಯಮಗಳ ಕಟ್ಟನ್ನು, ಎಲ್ಲರಿಗೂ ತೆರೆದಿಟ್ಟಿತು. ಗೆರೆ ಎಷ್ಟು ಅಗಲ ಇರಬೇಕು, ಎರಡು ಗೆರೆ ಎಷ್ಟು ಹತ್ತಿರ ಬರಬಹುದು, ಎಲ್ಲ ನಿಯಮವೂ ಅದರಲ್ಲಿದೆ. ಓಪನ್‌ಲೇನ್ ಅನ್ನುವ ಟೂಲ್ ಹಾಕಿಕೊಂಡರೆ ವೆರಿಲಾಗ್ ಕೋಡ್‌ನಿಂದ ಪೂರ್ತಿ ಲೇಔಟ್‌ವರೆಗೆ ಹೋಗಬಹುದು. ಲಿನಕ್ಸ್ ಇದ್ದರೆ ಸಲೀಸು. ಮೊದಲೇ ಪ್ರೊಸೆಸರ್‌ಗೆ ಕೈ ಹಾಕಬೇಡ. ಒಂದು 8 ಬಿಟ್ ಕೌಂಟರ್ ಬರೆದು ಓಡಿಸು. ಆಮೇಲೆ ಕ್ಲಾಕ್ ಪೀರಿಯಡ್ ಅನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋಗು, ಒಂದು ಹಂತದಲ್ಲಿ ಟೈಮಿಂಗ್ ರಿಪೋರ್ಟ್‌ನಲ್ಲಿ ಸೆಟಪ್ ವಯೋಲೇಶನ್, ಅಂದರೆ ಸಿಗ್ನಲ್ ಸಮಯಕ್ಕೆ ತಲುಪಲಿಲ್ಲ ಅನ್ನುವ ದೂರು, ಬರುತ್ತದೆ. ಆ ರಿಪೋರ್ಟ್ ಇಲ್ಲೇ ಹಾಕು. ಯಾವ ದಾರಿ ಸಿಕ್ಕಿಹಾಕಿಕೊಂಡಿದೆ ನೋಡೋಣ.